ಕಡಸು ಕೊಳ್ಳೋರೇ, ‘ಇದು ಅವಳಿಯಾ?’ ಅಂತ ಮೊದಲು ಕೇಳಿ

ಹೇಳಿಕೊಳ್ಳೋಕೆ ನಾಚಿಕೆ ಆಗುತ್ತದೆ. ಆದರೂ ಬರೆಯುತ್ತಿದ್ದೇನೆ, ಇನ್ನೊಬ್ಬರು ಹೀಗೆ ಮೋಸ ಹೋಗಬಾರದು.

ತಳಿ ಮಾಡೋಕೆ ಅಂತಲೇ 10 ತಿಂಗಳ ಹೆಣ್ಣುಕರು ತಂದೆ. ತಾಯಿಯ ಕೆಚ್ಚಲು ನೋಡಿದೆ, ಹಾಲಿನ ಲೆಕ್ಕ ಕೇಳಿದೆ, ಕರುವಿನ ಮೊಲೆತೊಟ್ಟು ನಾಲ್ಕೂ ಸರಿ ಇದ್ದವು. ಮೈಕಟ್ಟಂತೂ ಹೋರಿಯ ಹಾಗೆ. ಹಾಗಂತ ಹೊಗಳಿದ್ದೂ ನಾನೇ! ಮಾರಿದವನು ಸುಮ್ನೆ ನಕ್ಕ. ಆ ನಗು ಈಗ ಅರ್ಥವಾಗುತ್ತಿದೆ.

ಎರಡು ವರ್ಷ ತುಂಬಿತು, ಬೆದೆಗೆ ಬರಲಿಲ್ಲ. 21 ದಿನಕ್ಕೊಮ್ಮೆ ಬರಬೇಕಾದ್ದು ಅಲ್ವಾ? ಕೂಗಿಲ್ಲ, ಲೋಳೆ ಇಲ್ಲ, ಬೇರೆ ದನದ ಮೇಲೆ ಹಾರಿದ್ದೂ ಇಲ್ಲ. ಮಾರಿದವನಿಗೆ ಫೋನ್ ಮಾಡಿದರೆ, "ಖನಿಜ ಮಿಶ್ರಣ ಹಾಕಿ ಸರ್." ಹಾಕಿದೆ. "ಜಂತು ಇರಬೇಕು ಸರ್." ಔಷಧಿ ಕುಡಿಸಿದೆ. "ಮೂಕ ಬೆದೆ ಸರ್, ನಿಮಗೆ ಗೊತ್ತಾಗ್ತಿಲ್ಲ." ಅಂದರೆ ತಪ್ಪು ನನ್ನದು! ರಾತ್ರಿಯೆಲ್ಲ ಎದ್ದೆದ್ದು ಕೊಟ್ಟಿಗೆಗೆ ಹೋಗಿ ನೋಡಿದ್ದೇನೆ.

ಕೊನೆಗೆ ಡಾಕ್ಟರು ಕೈ ಹಾಕಿ ನೋಡಿದರು. ಮೊದಲು ಕೇಳಿದ್ದೇ, "ಇದು ಗಂಡುಕರುವಿನ ಜೊತೆ ಹುಟ್ಟಿದ್ದಾ?" ನನಗೇನು ಗೊತ್ತು?

ಗರ್ಭಕೋಶ ಬೆಳೆದೇ ಇಲ್ಲವಂತೆ. ಇದಕ್ಕೆ ಫ್ರೀಮಾರ್ಟಿನ್ ಅಂತಾರೆ. ಗಂಡು-ಹೆಣ್ಣು ಅವಳಿ ಇದ್ದಾಗ ಹೊಟ್ಟೆಯೊಳಗೆ ಎರಡರ ಮಾಸಿನ ರಕ್ತನಾಳಗಳು ಕೂಡಿಕೊಳ್ಳುತ್ತವೆ. ಗಂಡಿನ ಹಾರ್ಮೋನು ಹೆಣ್ಣುಕರುವಿಗೂ ಹರಿದು, ಅದರ ಅಂಡಾಶಯ, ಗರ್ಭಕೋಶ ಸರಿಯಾಗಿ ಬೆಳೆಯೋದಿಲ್ಲ. ಹೀಗೆ ಹುಟ್ಟಿದ ಹೆಣ್ಣುಕರುಗಳಲ್ಲಿ 100ಕ್ಕೆ 90ಕ್ಕೂ ಜಾಸ್ತಿ ಗೊಡ್ಡು. ಖನಿಜ ಮಿಶ್ರಣ ಹಾಕಿದರೆ ಗರ್ಭಕೋಶ ಬೆಳೆಯುತ್ತದಾ?

ಅಲ್ಲೇ ನಿಂತು ಮಾರಿದವನಿಗೆ ಫೋನ್ ಮಾಡಿದೆ.

"ಹೌದು ಸರ್, ಅವಳಿ. ನೀವು ಕೇಳಲೇ ಇಲ್ಲವಲ್ಲ."

ಕೇಳಲಿಲ್ಲವಂತೆ! ಗೊತ್ತಿದ್ದೂ ಯಾಕೆ ಮುಚ್ಚಿಟ್ಟೆ ಅಂದರೆ, "ಎಲ್ಲವೂ ಗೊಡ್ಡಾಗಲ್ಲ ಸರ್, ನಿಮ್ಮ ಅದೃಷ್ಟ. ಮೈಕಟ್ಟು ಚೆನ್ನಾಗಿದೆ ಅಂತ ನೀವೇ ಅಂದ್ರಲ್ಲ." ಜಂತು, ಮೂಕ ಬೆದೆ ಅಂತ ಇಷ್ಟು ದಿನ ಕುಣಿಸಿದವನು ಇವನೇ. ಕುಣಿದವನು ನಾನು.

ಕೇಳಿ. ಬಾಯಿಬಿಟ್ಟು ಕೇಳಿ. ಒಂಟಿಯಾಗಿ ಹುಟ್ಟಿದ್ದು ಅಂತ ಬರೆಸಿಕೊಳ್ಳಿ. ಗಂಡಿನ ಜೊತೆ ಹುಟ್ಟಿದ್ದಾದರೆ ಡಾಕ್ಟರಿಗೆ ತೋರಿಸದೆ, ರಕ್ತ ಪರೀಕ್ಷೆ ಮಾಡಿಸದೆ ದುಡ್ಡು ಕೊಡಬೇಡಿ. ಎಳೇ ಕರುವಿನಲ್ಲೂ ಪತ್ತೆ ಹಚ್ಚಬಹುದು. ಇಂಥ ಕರುವಿನ ಯೋನಿಯ ಒಳದಾರಿ ಗಿಡ್ಡ ಇರುತ್ತದೆ, ಡಾಕ್ಟರು ಸಣ್ಣ ನಳಿಕೆ ತೂರಿಸಿ ಅಳೆದು ಹೇಳುತ್ತಾರೆ. ಐದು ನಿಮಿಷದ ಕೆಲಸ. ನಾನು ಅದನ್ನು ಮಾಡಿಸದೆ ವರ್ಷಕ್ಕೂ ಜಾಸ್ತಿ ಮೇವು ಹಾಕಿದೆ.