60 ಎಕ್ಸ್ ಜೂಮ್ ಬೇಕೇ? ಸೂಪರ್‌ಜೂಮ್ ಕ್ಯಾಮೆರಾಗಳ ದೀರ್ಘಕಾಲದ ಬಳಕೆಯ ವಿಮರ್ಶೆ

ಸೂಪರ್‌ಜೂಮ್ ಕ್ಯಾಮೆರಾ ಕೊಳ್ಳುವಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ 30 ಎಕ್ಸ್, 60 ಎಕ್ಸ್, 83 ಎಕ್ಸ್ ಎಂಬ ಅಂಕಿಯ ಮೇಲೆ. ವರ್ಷಗಟ್ಟಲೆ ಬಳಸಿದ ಮೇಲೆ ಅತಿ ಕಡಿಮೆ ಲೆಕ್ಕಕ್ಕೆ ಬರುವುದೂ ಅದೇ. ಈ ಎಕ್ಸ್ ಬರೀ ಭಾಗಾಕಾರ. ಲೆನ್ಸಿನ ಅತಿ ಉದ್ದದ ಫೋಕಲ್ ಲೆಂತನ್ನು (ಇದು ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಅತಿ ಗಿಡ್ಡದ್ದರಿಂದ ಭಾಗಿಸಿದರೆ ಸಿಗುವ ಸಂಖ್ಯೆ. 20ರಿಂದ 1200 ಮಿ.ಮೀ. ಇದ್ದರೆ 60 ಎಕ್ಸ್, 24ರಿಂದ 1200 ಇದ್ದರೆ 50 ಎಕ್ಸ್. ದೂರದ ತುದಿಯಲ್ಲಿ ಎರಡೂ ಒಂದೇ. ನೋಡಬೇಕಾದ್ದು 35 ಮಿ.ಮೀ.ಗೆ ಸಮಾನ ಎಂದು (ಅಂದರೆ 35 ಮಿ.ಮೀ. ಫಿಲ್ಮ್ ಕ್ಯಾಮೆರಾದಲ್ಲಿ ಇದೇ ನೋಟ ಕೊಡುವ ಲೆನ್ಸಿನ ಲೆಕ್ಕದಲ್ಲಿ) ಬರೆದಿರುವ ಎರಡು ತುದಿಯ ಅಂಕಿಗಳನ್ನು, ಅವುಗಳ ಪಕ್ಕದ ಎಫ್ ಸಂಖ್ಯೆಯನ್ನು (ಕಡಿಮೆಯಿದ್ದಷ್ಟೂ ಬೆಳಕು ಹೆಚ್ಚು), ಮತ್ತು ಬೆಳಕನ್ನು ಚಿತ್ರವಾಗಿಸುವ ಚಿಪ್ಪಾದ ಸೆನ್ಸರಿನ ಅಳತೆಯನ್ನು.

24 ಮಿ.ಮೀ.ನಲ್ಲಿ ಅಡ್ಡಕ್ಕೆ 70 ಡಿಗ್ರಿಗೂ ಮಿಕ್ಕಿದ ನೋಟ ಸಿಗುತ್ತದೆ. ಕೋಣೆಯೊಳಗಿನ ಗುಂಪು, ಕಟ್ಟಡದ ಮುಂಭಾಗ ಅದರಲ್ಲಿ ಹಿಡಿಸುತ್ತವೆ. ಮುಖಗಳಿಗೆ 85ರಿಂದ 135. ವೇದಿಕೆಯ ಮೇಲಿನ ಮಕ್ಕಳು, ಆಟದ ಮೈದಾನ, ಎತ್ತರದ ಗೋಡೆಯ ಕೆತ್ತನೆ ಇವೆಲ್ಲ 200ರಿಂದ 400ರೊಳಗೆ ಮುಗಿಯುತ್ತವೆ. ಜಿಂಕೆ, ಕೊಕ್ಕರೆಯಂಥವಕ್ಕೆ 600 ಬೇಕು. 1200 ದಾಟಿದ ಮೇಲೆ ಸಣ್ಣ ಹಕ್ಕಿ ಮತ್ತು ಚಂದ್ರನನ್ನು ಬಿಟ್ಟರೆ ಹೆಚ್ಚಿನ ಕೆಲಸವಿಲ್ಲ. 2000 ಮಿ.ಮೀ.ನಲ್ಲಿ ಅಡ್ಡ ನೋಟ ಬರೀ ಒಂದು ಡಿಗ್ರಿ, ಹುಣ್ಣಿಮೆಯ ಚಂದ್ರ ಚೌಕಟ್ಟಿನ ಎತ್ತರದ ಮುಕ್ಕಾಲರ ಹತ್ತಿರ ತುಂಬುತ್ತಾನೆ. ನೋಡಲು ಖುಷಿ, ನಿಜ. ಆದರೆ ಮನೆಮಂದಿಯ ಆಲ್ಬಮ್ಮಿಗೆ ಎಷ್ಟು ಚಂದ್ರರು ಬೇಕು?

ನಿಜವಾದ ತಕರಾರು ಬೆಳಕಿನದು. ಈ ವರ್ಗದ ಬಹುತೇಕ ಕ್ಯಾಮೆರಾಗಳ ಸೆನ್ಸರ್ 1/2.3 ಇಂಚಿನದು, ಅಂದರೆ ಸುಮಾರು 6.2 x 4.6 ಮಿ.ಮೀ. 1 ಇಂಚು ಎನ್ನುವ ಸೆನ್ಸರ್ 13.2 x 8.8 ಮಿ.ಮೀ., ವಿಸ್ತೀರ್ಣದಲ್ಲಿ ಸುಮಾರು ನಾಲ್ಕು ಪಟ್ಟು. ಸೆನ್ಸರ್ ಪುಟ್ಟದಾಗಿರುವುದರಿಂದಲೇ ಇಷ್ಟುದ್ದದ ಜೂಮ್ ಕೈಯಲ್ಲಿ ಹಿಡಿಸುತ್ತದೆ. 2015ರಲ್ಲಿ ಬಂದ ನಿಕಾನ್ ಕೂಲ್‌ಪಿಕ್ಸ್ ಪಿ900ರ 2000 ಮಿ.ಮೀ. ನಿಜದಲ್ಲಿ 357 ಮಿ.ಮೀ. ಮಾತ್ರ, ಎಫ್/6.5ಕ್ಕೆ ಬೇಕಾದ ಬೆಳಕಿನ ದಾರಿಯ ಅಗಲ 55 ಮಿ.ಮೀ. ಸಾಕು. ಇದೇ ನೋಟವನ್ನು ಇದೇ ಎಫ್ ಸಂಖ್ಯೆಯಲ್ಲಿ ಫುಲ್‌ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟು ದೊಡ್ಡ) ಸೆನ್ಸರಿಗೆ ಒದಗಿಸಬೇಕಾದರೆ 300 ಮಿ.ಮೀ.ಗೂ ಅಗಲದ ಗಾಜು ಬೇಕಾಗುತ್ತಿತ್ತು.

ಇದಕ್ಕೆ ತೆರುವ ಬೆಲೆ ಎರಡು ಕಡೆ. ಒಂದು, ಜೂಮ್ ಮಾಡುತ್ತ ಹೋದಂತೆ ಎಫ್/2.8 ಇದ್ದದ್ದು ಎಫ್/6.5ಕ್ಕೆ ಇಳಿಯುತ್ತದೆ, ಅಂದರೆ ಬೆಳಕು ಐದನೇ ಒಂದು ಪಾಲಿಗಿಂತಲೂ ಕಡಿಮೆ. ಇನ್ನೊಂದು ಡಿಫ್ರಾಕ್ಷನ್, ಅಂದರೆ ಕಿರಿದಾದ ದಾರಿಯಲ್ಲಿ ಹಾಯುವ ಬೆಳಕು ಹರಡಿಕೊಳ್ಳುವುದು. ಎಫ್/6.5ರಲ್ಲಿ ಹಸಿರು ಬೆಳಕಿನ ಒಂದು ಬಿಂದು ಸುಮಾರು 8.7 ಮೈಕ್ರಾನ್ ಅಗಲಕ್ಕೆ ಹರಡುತ್ತದೆ. 16 ಮೆಗಾಪಿಕ್ಸೆಲ್‌ನ ಪುಟ್ಟ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ 1.3 ಮೈಕ್ರಾನ್ ಆಸುಪಾಸು. ಒಂದು ಬಿಂದು ಆರೇಳು ಪಿಕ್ಸೆಲ್ ಅಗಲ ಆವರಿಸಿದ ಮೇಲೆ ಮೆಗಾಪಿಕ್ಸೆಲ್ ಹೆಚ್ಚಿಸಿ ಪ್ರಯೋಜನವಿಲ್ಲ. ಲೆನ್ಸ್ ಎಷ್ಟೇ ಒಳ್ಳೆಯದಿರಲಿ, ಪೂರ್ತಿ ಜೂಮಿನಲ್ಲಿ ಗರಿಗಳ ಎಳೆ ಮೆತ್ತಗೇ ಕಾಣುತ್ತದೆ. ಆಗ ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ದಾರಿ) ಇನ್ನೂ ಕಿರಿದು ಮಾಡಬೇಡಿ, ಮತ್ತಷ್ಟು ಕೆಡುತ್ತದೆ.

ಈಗ ಇನ್ನೊಂದು ಲೆಕ್ಕ. 1 ಇಂಚಿನ ಸೆನ್ಸರಿನ 20 ಮೆಗಾಪಿಕ್ಸೆಲ್ ಚಿತ್ರವನ್ನು 600 ಮಿ.ಮೀ.ನಲ್ಲಿ ತೆಗೆದು, 1200 ಮಿ.ಮೀ.ನ ನೋಟಕ್ಕೆ ಕತ್ತರಿಸಿದರೆ 5 ಮೆಗಾಪಿಕ್ಸೆಲ್ ಉಳಿಯುತ್ತದೆ. 6 x 8 ಇಂಚಿನ ಪ್ರಿಂಟಿಗೆ ಅಷ್ಟು ಸಾಕು. ಸಂಜೆಯ ಬೆಳಕಿನಲ್ಲಿ ಈ ಕತ್ತರಿಸಿದ ಚಿತ್ರ ಪುಟ್ಟ ಸೆನ್ಸರಿನ 1200 ಮಿ.ಮೀ. ಚಿತ್ರಕ್ಕಿಂತ ಹೆಚ್ಚು ಸಲ ಗೆಲ್ಲುತ್ತದೆ. ಬಿಸಿಲಿನಲ್ಲಿ ಮಾತ್ರ ಪುಟ್ಟ ಸೆನ್ಸರ್ ಮುಂದೆ.

ಅದಕ್ಕೇ ದುಡ್ಡು, ಭಾರ ಎರಡೂ ತಡೆದುಕೊಳ್ಳುವವರಿಗೆ ಮೊದಲ ಆಯ್ಕೆ ಸೋನಿ ಆರ್‌ಎಕ್ಸ್10 ಮಾರ್ಕ್ 4. 2017ರ ಮಾದರಿ: 24ರಿಂದ 600 ಮಿ.ಮೀ., ಎಫ್/2.4ರಿಂದ 4, ಸೆಕೆಂಡಿಗೆ 24 ಚಿತ್ರ, ಓಡುವ ಮಗುವನ್ನು ಬಿಡದೆ ಹಿಂಬಾಲಿಸುವ ಫೇಸ್ (phase) ಡಿಟೆಕ್ಟ್ ಫೋಕಸ್. ತೂಕ 1095 ಗ್ರಾಂ. ಕುತ್ತಿಗೆಯ ಪಟ್ಟಿಯಲ್ಲಿ ಇಡೀ ದಿನ ಹೊರುವುದು ಶಿಕ್ಷೆ, ಭುಜಕ್ಕೆ ಅಡ್ಡ ಹಾಕುವ ಅಗಲ ಪಟ್ಟಿ ಬೇಕೇ ಬೇಕು. ಹಳೆಯದಾದರೂ ಪ್ಯಾನಾಸೋನಿಕ್ ಎಫ್‌ಝಡ್1000 (25ರಿಂದ 400, ಎಫ್/2.8ರಿಂದ 4, 831 ಗ್ರಾಂ) ಮನೆಯ ಕಾರ್ಯಕ್ರಮಗಳಿಗೆ ಇಂದಿಗೂ ಸಾಕು. ಎಫ್‌ಝಡ್300ರದ್ದು ಪುಟ್ಟ ಸೆನ್ಸರ್, ಬರೀ 12 ಮೆಗಾಪಿಕ್ಸೆಲ್. ಆದರೆ 25ರಿಂದ 600ರ ತನಕ ಎಫ್/2.8 ಕದಲುವುದಿಲ್ಲ, ದೂಳು ಮತ್ತು ತುಂತುರು ತಡೆಯುವ ಮೈ. ಅಂಕಿ ನೋಡಿ ಇದನ್ನು ಕಡೆಗಣಿಸಿದವರೇ ಹೆಚ್ಚು. ಹಕ್ಕಿಯೇ ಮುಖ್ಯ ಎನ್ನುವವರಿಗೆ ರಾ ಫೈಲ್ (ಸಂಸ್ಕರಿಸದ ಮೂಲ ಚಿತ್ರ) ಕೊಡುವ ನಿಕಾನ್ ಪಿ950 ಸರಿ. ಪಿ900 ಜೆಪೆಗ್ ಮಾತ್ರ ಕೊಡುತ್ತದೆ. 3000 ಮಿ.ಮೀ.ನ ಪಿ1000 ತೂಕ 1415 ಗ್ರಾಂ, ತುದಿಯಲ್ಲಿ ಎಫ್/8. ಕುಟುಂಬದ ಪ್ರವಾಸಕ್ಕೆ ಅದು ಅತಿಯಾಯಿತು. ಕೆನಾನ್ ಎಸ್‌ಎಕ್ಸ್70 (21ರಿಂದ 1365, 610 ಗ್ರಾಂ) ಹಗುರ, ಬಿಸಿಲಿನ ಪ್ರವಾಸಕ್ಕೆ ಒಪ್ಪುತ್ತದೆ.

ಜೇಬಿಗೆ ಇಳಿಯುವ 30 ಎಕ್ಸ್, 40 ಎಕ್ಸ್ ಕ್ಯಾಮೆರಾಗಳು ಹಗಲಿನ ಸಾಧನ ಎಂದುಕೊಂಡರೆ ನಿರಾಶೆಯಿಲ್ಲ. ದೀಪದ ಬೆಳಕಿನಲ್ಲಿ ಅಗಲ ನೋಟದ ಚಿತ್ರವನ್ನು ಈಗಿನ ಒಳ್ಳೆಯ ಫೋನ್ ಇವಕ್ಕಿಂತ ಚೆನ್ನಾಗಿ ತೆಗೆಯುತ್ತದೆ. ಫೋನಿನ ಕೈ ಸಾಗದ 150 ಮಿ.ಮೀ. ಆಚೆಗೆ ಮಾತ್ರ ಇವನ್ನು ಹೊರಗೆ ತೆಗೆಯಿರಿ.

ಚಿತ್ರ ಅಲುಗಾಡಿತು ಎಂಬ ದೂರಿನಲ್ಲಿ ಕೈಯ ಪಾಲಿಗಿಂತ ಶಟರಿನ ಪಾಲು ದೊಡ್ಡದು. ಸ್ಟೆಬಿಲೈಸೇಶನ್ ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಮಗುವಿನ ಓಟವನ್ನಲ್ಲ. ನಿಂತ ವಸ್ತುವಿಗೆ 600 ಮಿ.ಮೀ.ನಲ್ಲಿ 1/125 ಸೆಕೆಂಡ್ ನಡೆಯುತ್ತದೆ. ಓಡುವ ಮಕ್ಕಳಿಗೆ 1/500, ಹಾರುವ ಹಕ್ಕಿಗೆ 1/2000 ಇಡಿ. ಶಟರ್ ಪ್ರಯಾರಿಟಿ (ಶಟರ್ ವೇಗವನ್ನು ನೀವೇ ಇಡುವ ಮೋಡ್), ಆಟೋ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ), ಅದಕ್ಕೊಂದು ಮೇಲ್ಮಿತಿ: ಪುಟ್ಟ ಸೆನ್ಸರಿಗೆ 800, 1 ಇಂಚಿಗೆ 3200. ಟ್ರೈಪಾಡ್ ಮೇಲೆ ಸ್ಟೆಬಿಲೈಸೇಶನ್ ಆಫ್ ಮಾಡಿ, 2 ಸೆಕೆಂಡ್ ಟೈಮರ್ ಹಾಕಿ. ಚಂದ್ರನಿಗೆ ಆಟೋ ಬಿಟ್ಟರೆ ಬಿಳಿ ತಟ್ಟೆ ಬರುತ್ತದೆ; ಐಎಸ್‌ಒ 100, ಎಫ್/6.5, 1/250ರಿಂದ ಶುರುಮಾಡಿ ಹೆಚ್ಚುಕಡಿಮೆ ಮಾಡಿಕೊಳ್ಳಿ. ಡಿಜಿಟಲ್ ಜೂಮ್ ಅನ್ನು ಮೆನುವಿನಲ್ಲೇ ಮುಚ್ಚಿಬಿಡಿ. ಅದು ಚಿತ್ರ ಕತ್ತರಿಸಿ ಹಿಗ್ಗಿಸುವ ಕೆಲಸ, ಆಮೇಲೆ ಕಂಪ್ಯೂಟರಿನಲ್ಲಿ ಇನ್ನೂ ಚೆನ್ನಾಗಿ ಆಗುತ್ತದೆ.

ಪೂರ್ತಿ ಜೂಮಿನಲ್ಲಿ ಹಕ್ಕಿ ಚೌಕಟ್ಟಿನಿಂದ ತಪ್ಪಿಸಿಕೊಂಡರೆ ತಡಕಾಡಿ ಫಲವಿಲ್ಲ. ಹಿಂದಕ್ಕೆ ಬಂದು, ಪಕ್ಕದ ಕೊಂಬೆಯ ಗುರುತು ಹಿಡಿದು, ಮತ್ತೆ ಮುಂದೆ ಹೋಗಬೇಕು. ನಿಕಾನ್, ಕೆನಾನ್‌ನ ದೊಡ್ಡ ಮಾದರಿಗಳಲ್ಲಿ ಲೆನ್ಸಿನ ಪಕ್ಕ ಇದಕ್ಕೆಂದೇ ಒಂದು ಗುಂಡಿ ಇದೆ: ಒತ್ತಿ ಹಿಡಿದರೆ ನೋಟ ಅಗಲವಾಗುತ್ತದೆ, ಬಿಟ್ಟರೆ ಮೊದಲಿನ ಉದ್ದಕ್ಕೆ ಮರಳುತ್ತದೆ. ಹಕ್ಕಿಯವರು ಇದಿಲ್ಲದ ಕ್ಯಾಮೆರಾ ಕೊಳ್ಳಬಾರದು. ಮಬ್ಬಿನಲ್ಲಿ ಫೋಕಸ್ ಹಿಂದೆಮುಂದೆ ಓಡಾಡಿದರೆ ಒಂದೇ ಬಿಂದುವಿನ ಫೋಕಸ್ ಆಯ್ದು, ಕಪ್ಪು ಬಿಳುಪು ಸೇರುವ ಅಂಚಿಗೆ ಗುರಿಯಿಡಿ. ಬಿರುಬಿಸಿಲಿನ ನಡುಹಗಲು ದೂರದ ಚಿತ್ರ ಕಲಸಿದಂತೆ ಬಂದರೆ ಕ್ಯಾಮೆರಾವನ್ನು ದೂರಬೇಡಿ. ನೆಲದಿಂದ ಏಳುವ ಬಿಸಿ ಗಾಳಿಯ ಕೆಲಸ ಅದು. ಯಾವ ಲೆನ್ಸೂ ಅದನ್ನು ಸರಿಮಾಡದು, ಬೆಳಗ್ಗೆ ಬೇಗ ಹೋಗುವುದೊಂದೇ ದಾರಿ.

ಕಾಲ ಕಳೆದಂತೆ ಮೊದಲು ಕೈಕೊಡುವುದು ಲೆನ್ಸಿನ ಕೊಳವೆ. ಅದು ಹೊರಬಂದು ಒಳಹೋಗುವಾಗ ತಿದಿಯ ಹಾಗೆ ಗಾಳಿ ಎಳೆಯುತ್ತದೆ, ಜೊತೆಗೆ ದೂಳನ್ನೂ. ಆ ದೂಳು ಸೆನ್ಸರ್ ಮೇಲೆ ಕೂತರೆ ಆಕಾಶದಲ್ಲಿ ಬೂದು ಚುಕ್ಕೆ. ಲೆನ್ಸ್ ಬಿಚ್ಚಲಾಗದ ಕಾರಣ ಮನೆಯಲ್ಲಿ ಒರೆಸುವ ಮಾತಿಲ್ಲ, ಸರ್ವಿಸ್‌ಗೇ ಕೊಡಬೇಕು. ಸಮುದ್ರದ ಮರಳು ಇನ್ನೂ ಕೆಟ್ಟದ್ದು: ಒಂದೆರಡು ಹರಳು ಕೊಳವೆಯ ಸಂದಿಗೆ ಸಿಕ್ಕಿದರೆ ಮೋಟರ್ ತಡವರಿಸಿ, ಲೆನ್ಸ್ ಎರರ್ ತೋರಿಸಿ ನಿಲ್ಲುತ್ತದೆ. ಕೈಯಿಂದ ತಳ್ಳಿದರೆ ಒಳಗಿನ ಪ್ಲಾಸ್ಟಿಕ್ ಹಲ್ಲುಚಕ್ರ ಮುರಿಯಬಹುದು. ಚೀಲದೊಳಗೆ ಸ್ವಿಚ್ ತಾನೇ ಒತ್ತಿಕೊಂಡು ಲೆನ್ಸ್ ಹೊರಬರಲು ಹೆಣಗುವುದೂ ಇದೇ ರೋಗಕ್ಕೆ ದಾರಿ. ಬಿಗಿಯಾದ ಚೀಲ ಬೇಡ. ಏಸಿ ಕೋಣೆಯಿಂದ ತೇವದ ಸೆಕೆಗೆ ಬರುವಾಗ ಕ್ಯಾಮೆರಾವನ್ನು ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲೇ ಅರ್ಧ ಗಂಟೆ ಬಿಡಿ, ಇಲ್ಲದಿದ್ದರೆ ಗಾಜಿನೊಳಗೆ ಮಂಜು ಕಟ್ಟುತ್ತದೆ. ತಿಂಗಳುಗಟ್ಟಲೆ ಇಡುವುದಾದರೆ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬದಲ್ಲಿಡಿ. ಚರ್ಮದ ಚೀಲ ಬೂಸ್ಟಿಗೆ ತವರು.

ಬ್ಯಾಟರಿ ಅಳತೆಯ ಪ್ರಕಾರ ಪಿ900ಕ್ಕೆ 360 ಚಿತ್ರ, ಎಸ್‌ಎಕ್ಸ್70ಕ್ಕೆ 325, ಆರ್‌ಎಕ್ಸ್10 ಮಾರ್ಕ್ 4ಕ್ಕೆ 400. ಜೂಮ್ ಆಟ ಹೆಚ್ಚಾದರೆ ಇನ್ನೂ ಕಡಿಮೆ. ಎರಡನೇ ಬ್ಯಾಟರಿ ಇರಲಿ. 4ಕೆ ವಿಡಿಯೊಗೆ ವಿ30 ಅಥವಾ ಯು3 ಗುರುತಿನ ಕಾರ್ಡ್ ಬೇಕು. 2024ರ ಡಿಸೆಂಬರ್ 28ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಮಾರುವ ಹೊಸ ಕ್ಯಾಮೆರಾಗಳಿಗೆ ಯುಎಸ್‌ಬಿ-ಸಿ ಕಡ್ಡಾಯವಾದ್ದರಿಂದ ಹೊಸ ಮಾದರಿಗಳಲ್ಲಿ ಫೋನಿನ ಚಾರ್ಜರೇ ನಡೆಯುತ್ತದೆ. ಹಳೆಯವಕ್ಕೆ ಅವುಗಳದೇ ಚಾರ್ಜರ್ ಮರೆಯದೆ ಒಯ್ಯಬೇಕು.

ಈ ವರ್ಗದಲ್ಲಿ ಹೊಸ ಮಾದರಿಗಳು ವಿರಳವಾದ್ದರಿಂದ ಹಲವರು ಕೈಬದಲಾದದ್ದನ್ನೇ ಕೊಳ್ಳುತ್ತಾರೆ. ಆಗ ಜೂಮ್ ಅನ್ನು ಹತ್ತು ಸಲ ಪೂರ್ತಿ ಹೊರಗೆ, ಒಳಗೆ ಓಡಿಸಿ ಕಿವಿಗೊಡಿ: ಸದ್ದು ನಡುವೆ ಎಳೆದಂತಾಗಬಾರದು, ಕೊಳವೆ ತೂಗಾಡಬಾರದು. ಅಪರ್ಚರ್ ಆದಷ್ಟು ಕಿರಿದು ಮಾಡಿ, ಪೂರ್ತಿ ಜೂಮಿನಲ್ಲಿ ಬಿಳಿ ಗೋಡೆಯದೊಂದು ಚಿತ್ರ ತೆಗೆದು ಹಿಗ್ಗಿಸಿ ನೋಡಿ. ದೂಳಿನ ಚುಕ್ಕೆ ಇದ್ದರೆ ಅಲ್ಲೇ ಕಾಣುತ್ತದೆ. ಕೊನೆಗೆ ಲೆನ್ಸಿನ ಮುಂದಿನಿಂದ ಟಾರ್ಚ್ ಓರೆಯಾಗಿ ಹಾಯಿಸಿ: ಬಿಡಿ ದೂಳಿನ ಕಣಗಳಿದ್ದರೆ ಚೌಕಾಸಿ ಮಾಡಿ, ಜೇಡರ ಎಳೆಯಂತೆ ಕವಲೊಡೆದ ಗೆರೆಗಳಿದ್ದರೆ ಅದು ಬೂಸ್ಟು, ಕೊಳ್ಳಬೇಡಿ.