ಗ್ಲೋವ್‌ಬಾಕ್ಸೋ, ಕೋಬಾಟೋ, ಮ್ಯಾನಿಪ್ಯುಲೇಟರೋ?

ಪರಮಾಣು ವಸ್ತುಗಳ ನಿರ್ವಹಣೆಗೆ ಯಾವುದು ಸೂಕ್ತ ಎಂಬುದನ್ನು ಮೊದಲು ನಿರ್ಧರಿಸುವುದು ವಿಕಿರಣದ ಬಗೆ.

ಪ್ಲುಟೋನಿಯಂ ಪುಡಿ ಸೂಸುವುದು ಆಲ್ಫಾ ವಿಕಿರಣ; ಅದು ಚರ್ಮ ದಾಟದು, ದೇಹದೊಳಗೆ ಸೇರಿದರೆ ಅಪಾಯ. ಇಂತಹ ವಸ್ತುವಿಗೆ ಗ್ಲೋವ್‌ಬಾಕ್ಸ್, ಅಂದರೆ ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆ, ರೂಢಿ. ಬೆರಳಿನ ನಾಜೂಕು ಸಿಗುತ್ತದೆ, ನಿಜ. ಆದರೆ ಚೂಪಾದ ಅಂಚೊಂದು ಕೈಗವಸನ್ನು ಸೀಳಿದರೆ ಗಾಯದ ಮೂಲಕವೇ ಪ್ಲುಟೋನಿಯಂ ದೇಹ ಸೇರಬಹುದು. ದಿನವಿಡೀ ಡಬ್ಬಿ ಎತ್ತುವ, ತೂಗುವ, ಮುಚ್ಚಳ ತಿರುಗಿಸುವ ಕೆಲಸಕ್ಕೆ ಆ ಪೆಟ್ಟಿಗೆಯೊಳಗೆ ನಾನು ಕೋಬಾಟನ್ನೇ, ಅಂದರೆ ಮನುಷ್ಯರ ಪಕ್ಕದಲ್ಲೇ ದುಡಿಯಬಲ್ಲ ರೋಬೋಟ್ ತೋಳನ್ನೇ, ಆರಿಸುತ್ತೇನೆ. ಕೀಲುಗಳ ಮೇಲೆ ಬೀಳುವ ಬಲವನ್ನು ಗಮನಿಸುತ್ತಾ, ಏನಾದರೂ ತಾಗಿದರೆ ಅದು ನಿಲ್ಲುತ್ತದೆ. ಇಲ್ಲಿ ಪಕ್ಕದ ಮನುಷ್ಯನಷ್ಟೇ ಅಲ್ಲ, ಪೆಟ್ಟಿಗೆಯ ಗಾಜೂ ಉಳಿಯಬೇಕು. ಆದರೂ ತೋಳು ಹಿಡಿದ ಚೂಪಾದ ಉಪಕರಣದ ಅಪಾಯ ಹಾಗೆಯೇ ಇರುತ್ತದೆ. ಕೋಬಾಟ್ ಸುರಕ್ಷತೆಗೆಂದು 2016ರಲ್ಲಿ ಬಂದ ಅಂತರರಾಷ್ಟ್ರೀಯ ನಿರ್ದೇಶನ ಐಎಸ್‌ಒ/ಟಿಎಸ್ 15066 ಮಿತಿ ಹಾಕಿದ್ದು ತಾಗುವ ಬಲಕ್ಕೆ, ವಿಕಿರಣಕ್ಕಲ್ಲ.

ರಿಯಾಕ್ಟರಿನಲ್ಲಿ ಬಳಸಿದ ಇಂಧನದಂತಹ, ವಸ್ತುಗಳನ್ನು ತೂರಿ ಹೋಗುವ ಗಾಮಾ ವಿಕಿರಣದ ತೀವ್ರ ಮೂಲಗಳ ಬಳಿ ಸಾಮಾನ್ಯ ಕೋಬಾಟ್ ಬೇಡ. ಅದರೊಳಗಿನ ಎಲೆಕ್ಟ್ರಾನಿಕ್ಸ್ ಕೆಡುತ್ತದೆ. ಅಲ್ಲಿ 1940ರ ದಶಕದ ಕೊನೆಯಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ರೇಮಂಡ್ ಗೋರ್ಟ್ಜ್ ರೂಪಿಸಿದ ಬಗೆಯ ಯಾಂತ್ರಿಕ ಮ್ಯಾನಿಪ್ಯುಲೇಟರೇ ಸರಿ: ರಕ್ಷಣಾ ಗೋಡೆಯ ಈಚೆ ಕೈ ಆಡಿಸಿದಂತೆ ಆಚೆಯ ತೋಳು ಆಡುತ್ತದೆ. ಗೋಡೆಯಾಚೆಯ ಹಿಡಿತವೂ ಕೈಗೆ ತಿಳಿಯುತ್ತದೆ.

ಕೋಬಾಟ್ ಕೊಳ್ಳುವ ಮೊದಲು ರಿಪೇರಿಯ ಬಗ್ಗೆ ಕೇಳಿ. ಕಲುಷಿತಗೊಂಡ ತೋಳನ್ನು ತಯಾರಕರಿಗೆ ಸುಮ್ಮನೆ ವಾಪಸ್ ಕಳಿಸಲಾಗದು. ಬಿಡಿಭಾಗಗಳು ಪೆಟ್ಟಿಗೆಯೊಳಗೇ, ಕೈಗವಸು ತೊಟ್ಟ ಕೈಯಿಂದಲೇ ಬದಲಿಸುವಂತಿರಬೇಕು.