ಕುರ್‌ಆನ್ ಓದುವ ಪೆನ್ನು: ಹೊಸದಾಗಿ ಕಲಿಯುತ್ತಿರುವವಳ ಏಳು ತಿಂಗಳ ಅನುಭವ

ಇಸ್ಲಾಮ್ ಸ್ವೀಕರಿಸಿ ಒಂದೂವರೆ ವರ್ಷವಾಗಿರುವ ನಾನು ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಏಳು ತಿಂಗಳ ಹಿಂದೆ ಇಲ್ಲಿಯ ಅಂಗಡಿಯೊಂದರಲ್ಲಿ 3,400 ರೂಪಾಯಿ ಕೊಟ್ಟು, ಪುಟಕ್ಕೆ ಮುಟ್ಟಿಸಿದರೆ ಓದಿ ಹೇಳುವ ಡಿಜಿಟಲ್ ಪೆನ್ನನ್ನೂ ಅದರ ಜೊತೆಗೆ ಬರುವ ಕುರ್‌ಆನ್ ಪ್ರತಿಯನ್ನೂ ಕೊಂಡೆ. ಓದುವಾಗ ಮನಸ್ಸು ನಿಲ್ಲುವುದಿಲ್ಲ ಎಂಬ ಕೊರಗು ನನ್ನಂತೆ ಹೊಸದಾಗಿ ಬಂದವರಲ್ಲಿ ಅನೇಕರಿಗೆ ಇರುವುದನ್ನು ಕಂಡಿದ್ದೇನೆ. ಆ ಕೊರಗಿಗೆ ಈ ಪೆನ್ನು ಎಷ್ಟರಮಟ್ಟಿಗೆ ಪರಿಹಾರ, ಎಲ್ಲಿ ಪರಿಹಾರವಲ್ಲ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಮುಸ್ಲಿಮ್ ಮನೆಯಲ್ಲಿ ಹುಟ್ಟಿದ ಮಕ್ಕಳು ಐದಾರು ವರ್ಷಕ್ಕೇ ಮದ್ರಸಾದಲ್ಲಿ ಖಾಯಿದಾ (ಅರಬಿ ಅಕ್ಷರ ಕಲಿಸುವ ಮೊದಲ ಪುಸ್ತಕ) ಹಿಡಿದು ಕೂರುತ್ತಾರೆ. ಅರ್ಥ ತಿಳಿಯುವ ವಯಸ್ಸಾಗುವಷ್ಟರಲ್ಲಿ ಅಕ್ಷರ ಮತ್ತು ಉಚ್ಚಾರ ಅವರಿಗೆ ಉಸಿರಿನಷ್ಟು ಸಹಜವಾಗಿರುತ್ತದೆ. ದೊಡ್ಡವರಾದ ಮೇಲೆ ಕಲಿಯಲು ಕುಳಿತವರ ಸ್ಥಿತಿ ಹಾಗಲ್ಲ. ಕಣ್ಣು ಅಕ್ಷರವನ್ನು ಗುರುತಿಸಬೇಕು, ನಾಲಿಗೆ ಹಿಂದೆಂದೂ ಆಡದ ಧ್ವನಿಯನ್ನು ಆಡಬೇಕು, ಬುದ್ಧಿ ಅರ್ಥವನ್ನು ಹುಡುಕಬೇಕು, ಮತ್ತು ಈ ಮೂರೂ ಒಂದೇ ಕ್ಷಣದಲ್ಲಿ ಆಗಬೇಕು. ನನ್ನ ಗಮನ ಚದುರುತ್ತಿದ್ದುದಕ್ಕೆ ಭಕ್ತಿಯ ಕೊರತೆ ಕಾರಣವೆಂದು ನಾನು ಬಹಳ ದಿನ ನೊಂದುಕೊಂಡಿದ್ದೆ. ಹೊರೆ ಮೂರು ಪಾಲಾಗಿತ್ತು, ಹೊರುವ ತಲೆ ಒಂದೇ ಆಗಿತ್ತು ಎಂಬುದು ಆಮೇಲೆ ತಿಳಿಯಿತು.

ಪೆನ್ನಿಗೆ ಮೊದಲು ಎರಡು ದಾರಿಗಳನ್ನು ಪ್ರಯತ್ನಿಸಿದ್ದೆ. ಒಂದು, ಚಿಕ್ಕ ಸೂರಾಗಳನ್ನು (ಕುರ್‌ಆನಿನ ಅಧ್ಯಾಯಗಳನ್ನು) ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದ ಕಿರುಪುಸ್ತಕ. ಹ್ರಸ್ವ ದೀರ್ಘಗಳ ವಿಷಯದಲ್ಲಿ ಕನ್ನಡ ಲಿಪಿ ನಿಜಕ್ಕೂ ಉಪಕಾರಿ. ಆದರೆ ಅರಬಿಯಲ್ಲಿ ಹೃದಯಕ್ಕೂ ನಾಯಿಗೂ ಇರುವ ಪದಗಳನ್ನು ಕನ್ನಡದಲ್ಲಿ ಬರೆದರೆ ಎರಡೂ 'ಕಲ್ಬ್' ಎಂದೇ ಆಗುತ್ತವೆ. ಒಂದರ ಮೊದಲ ಅಕ್ಷರ ನಾಲಿಗೆಯ ಬುಡದಲ್ಲಿ, ಕಿರುನಾಲಿಗೆಯ ಬಳಿ ಹುಟ್ಟುತ್ತದೆ, ಇನ್ನೊಂದರದು ನಮ್ಮ ಕಕಾರದಂತೆ ಅದಕ್ಕಿಂತ ಸ್ವಲ್ಪ ಮುಂದೆ. ಇದನ್ನು ಕೇಳಿದ ದಿನ ಆ ಕಿರುಪುಸ್ತಕವನ್ನು ಎತ್ತಿಟ್ಟೆ. ಎರಡನೆಯದು ಮೊಬೈಲ್ ಆ್ಯಪ್. ಅದರಲ್ಲಿ ಎಲ್ಲವೂ ಇದೆ, ಉಚಿತವಾಗಿಯೂ ಇದೆ. ಆದರೆ ಅದೇ ಪರದೆಯ ಮೇಲೆ ಕಚೇರಿಯ ವಾಟ್ಸಾಪ್ ಗುಂಪೂ ಇದೆ. ಸಂದೇಶದ ಶಬ್ದವನ್ನು ನಿಲ್ಲಿಸಿಟ್ಟರೂ, ಬಂದಿರಬಹುದೇ ಎಂಬ ತವಕ ಮಾತ್ರ ನಿಲ್ಲುತ್ತಿರಲಿಲ್ಲ. ಪರದೆಯೇ ಇಲ್ಲದ ಒಂದು ಸಾಧನ ಬೇಕೆಂದು ನಾನು ಪೆನ್ನಿನ ಕಡೆಗೆ ತಿರುಗಿದೆ.

ಪೆಟ್ಟಿಗೆಯಲ್ಲಿ ಪೆನ್ನು, ಚಾರ್ಜ್ ಮಾಡುವ ತಂತಿ, ಇಯರ್‌ಫೋನ್, ಸುಮಾರು ಎರಡು ಕೆ.ಜಿ. ತೂಗುವ ಕುರ್‌ಆನ್ ಪ್ರತಿ, ಖಾಯಿದಾದ ತೆಳು ಪುಸ್ತಕ ಮತ್ತು ಯಾರ ಧ್ವನಿಯಲ್ಲಿ ಓದಬೇಕೆಂದು ಆಯ್ಕೆ ಮಾಡುವ ಒಂದು ರಟ್ಟಿನ ಹಾಳೆ ಇರುತ್ತವೆ. ಪುಟಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿಗಳ ಸಂಕೇತ ಅಚ್ಚಾಗಿರುತ್ತದೆ. ಪೆನ್ನಿನ ತುದಿಯಲ್ಲಿರುವ ಪುಟ್ಟ ಕ್ಯಾಮೆರಾ ಅದನ್ನು ಓದಿ, ಆ ಸ್ಥಳಕ್ಕೆ ಸೇರಿದ ಧ್ವನಿಯನ್ನು ನುಡಿಸುತ್ತದೆ. ಆದ್ದರಿಂದ ಈ ಪೆನ್ನು ಈ ಪ್ರತಿಯ ಮೇಲೆ ಮಾತ್ರ ಕೆಲಸ ಮಾಡುತ್ತದೆ, ಮನೆಯಲ್ಲಿರುವ ಬೇರೆ ಪ್ರತಿಗೆ ಮುಟ್ಟಿಸಿದರೆ ಸುಮ್ಮನಿರುತ್ತದೆ. ಆಯತ್‌ನ ಮೇಲಿಟ್ಟರೆ ಆ ಆಯತ್ (ವಚನ) ಒಂದನ್ನೇ, ಸೂರಾದ ಹೆಸರಿನ ಮೇಲಿಟ್ಟರೆ ಇಡೀ ಸೂರಾವನ್ನು ಓದುತ್ತದೆ. ಪದ ಪದವಾಗಿ ಓದಿಸುವ ವ್ಯವಸ್ಥೆಯೂ ಇದೆ.

ಮೊದಲ ಮೂರು ವಾರ ನಾನು ಈ ಪೆನ್ನನ್ನು ತಪ್ಪಾಗಿ ಬಳಸಿದೆ. ಅಲ್-ಬಕರಾ ಸೂರಾದ ಹೆಸರಿನ ಮೇಲೆ ಮುಟ್ಟಿಸಿ, ಧ್ವನಿ ಹರಿದಂತೆ ಕಣ್ಣನ್ನು ಸಾಲಿನ ಮೇಲೆ ಹರಿಸುತ್ತಾ ಹೋದೆ. ಆ ಸೂರಾದಲ್ಲಿ 286 ಆಯತ್‌ಗಳಿವೆ, ಈ ಮುದ್ರಣದಲ್ಲಿ 48 ಪುಟ. ಪುಟಗಳು ತಿರುಗುತ್ತಿದ್ದವು, ಎಷ್ಟೊಂದು ಓದಿದೆನೆಂಬ ತೃಪ್ತಿಯೂ ಇತ್ತು. ಆದರೆ ಅದು ಮಾರ್ಚ್ ತಿಂಗಳು, ವರ್ಷಾಂತ್ಯದ ಲೆಕ್ಕ ತಲೆಯೊಳಗೆ ಕುಳಿತಿತ್ತು. ಒಂದು ಬೆಳಿಗ್ಗೆ ಪುಸ್ತಕ ಮುಚ್ಚಿದಾಗ, ಪ್ರವಾದಿ ಮೂಸಾರ ಜನರಿಗೆ ಹಸುವನ್ನು ಬಲಿ ಕೊಡಲು ಹೇಳಿದ ಭಾಗ ಯಾವಾಗ ದಾಟಿಹೋಯಿತು ಎಂಬುದೇ ನನಗೆ ನೆನಪಿರಲಿಲ್ಲ. ಸೂರಾಕ್ಕೆ ಆ ಹೆಸರು ಬಂದಿರುವುದೇ ಆ ಹಸುವಿನಿಂದ.

ವಾರಕ್ಕೆ ಎರಡು ಸಂಜೆ ನನಗೆ ಪಾಠ ಹೇಳಿಕೊಡುವ ಆಪಾ (ಅಕ್ಕ) ಅವರ ಮುಂದೆ ಇದನ್ನು ಹೇಳಿಕೊಂಡೆ. ಅವರು ಪೆನ್ನನ್ನು ಕೈಯಲ್ಲಿ ಹಿಡಿದು ನೋಡಿ, "ನೋಡಮ್ಮ, ಇದು ಮುಂದೆ ಓಡುತ್ತೆ, ನೀನು ಹಿಂದೆ ಓಡ್ತೀಯ. ಒಂದು ಆಯತ್ ಓದಿಸು, ನಿಲ್ಲಿಸು, ನೀನು ಹೇಳು. ನಾಡಿದ್ದು ಬಂದಾಗ ಅದೊಂದನ್ನೇ ನನ್ನ ಮುಂದೆ ಓದು, ಸಾಕು" ಎಂದರು. ಪ್ರವಾದಿ ಮುಹಮ್ಮದರು (ಸ, ಅಂದರೆ ಅವರ ಮೇಲೆ ಶಾಂತಿ ಇರಲಿ) ಪ್ರತಿಯೊಂದು ಆಯತ್‌ನ ಕೊನೆಗೆ ನಿಲ್ಲಿಸಿ ಓದುತ್ತಿದ್ದರೆಂದು ಅವರ ಪತ್ನಿ ಉಮ್ಮು ಸಲಮಾ ವರದಿ ಮಾಡಿರುವುದನ್ನು ಆಪಾ ಅವರಿಂದಲೇ ತಿಳಿದೆ. ಕುರ್‌ಆನನ್ನು ಸಾವಧಾನವಾಗಿ, ಬಿಡಿಬಿಡಿಯಾಗಿ ಓದಬೇಕೆಂಬ ಅಪ್ಪಣೆ 73ನೆಯ ಸೂರಾದ ನಾಲ್ಕನೆಯ ಆಯತ್‌ನಲ್ಲಿ ಸ್ವತಃ ಕುರ್‌ಆನಿನಲ್ಲೇ ಇದೆ. ಅಂದಿನಿಂದ ಸೂರಾದ ಹೆಸರಿಗೆ ಪೆನ್ನು ಮುಟ್ಟಿಸುವುದನ್ನು ಬಿಟ್ಟೆ. ನಮ್ಮ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸುವ ಹೆಂಗಸರ ಮುಂದೆಯೂ ಇಡೀ ಮೂಟೆಯನ್ನು ಒಮ್ಮೆಗೇ ಸುರಿಯುವುದಿಲ್ಲ, ಕಣ್ಣಿಗೆ ಎಟುಕುವಷ್ಟನ್ನೇ ಹರಡಿಕೊಡುತ್ತಾರೆ.

ಈಗ ನನ್ನ ಓದು ಹೀಗೆ ನಡೆಯುತ್ತದೆ. ಫಜ್ರ್ (ಬೆಳಗಿನ ಜಾವದ) ನಮಾಝಿನ ನಂತರ ಇಪ್ಪತ್ತೈದು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಆ ದಿನದ ಎರಡು ಮೂರು ಆಯತ್‌ಗಳ ಕನ್ನಡ ಅನುವಾದವನ್ನು ಮೊದಲೇ ಓದಿ, ತಿರುಳನ್ನು ಒಂದು ಸಾಲಿನಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಓದಲು ತೊಡಗುವ ಮುನ್ನ ಶೈತಾನನಿಂದ ಅಲ್ಲಾಹನ ಅಭಯ ಬೇಡಬೇಕೆಂದು 16ನೆಯ ಸೂರಾದ 98ನೆಯ ಆಯತ್ ಹೇಳುತ್ತದೆ. ಆ ಮಾತನ್ನು ಬಾಯಿಪಾಠದ ಸಾಲಾಗಿ ದಾಟಿಸದೆ ಬೇಡಿಕೆಯಾಗಿಯೇ ಹೇಳಲು ಯತ್ನಿಸುತ್ತೇನೆ. ಬಳಿಕ ಒಂದೇ ಆಯತ್‌ಗೆ ಪೆನ್ನನ್ನು ಮೂರು ಸಲ ಮುಟ್ಟಿಸಿ ಕೇಳಿ, ಪೆನ್ನನ್ನು ಕೆಳಗಿಟ್ಟು ನಾನೇ ಓದಿ, ಮತ್ತೊಮ್ಮೆ ಮುಟ್ಟಿಸಿ ತಪ್ಪನ್ನು ಪರೀಕ್ಷಿಸಿಕೊಳ್ಳುತ್ತೇನೆ. ಅರ್ಥ ಮೊದಲೇ ತಿಳಿದಿರುತ್ತದೆ, ಧ್ವನಿಯ ಮಾದರಿಯನ್ನು ಪೆನ್ನು ಕೊಟ್ಟಿರುತ್ತದೆ, ಆದ್ದರಿಂದ ನಾನು ಓದುವ ಹೊತ್ತಿಗೆ ಮೂರು ಹೊರೆಗಳಲ್ಲಿ ಎರಡು ಇಳಿದಿರುತ್ತವೆ. ಮನಸ್ಸು ಆಗಲೂ ಅಲೆಯುತ್ತದೆ. ಆದರೆ ಎಲ್ಲಿ ತಪ್ಪಿತೆಂಬುದು ಒಡನೆ ತಿಳಿಯುತ್ತದೆ ಮತ್ತು ಹಿಂದಿರುಗಬೇಕಾದ ದೂರ ಒಂದು ಆಯತ್ ಮಾತ್ರ.

ಈ ಕ್ರಮದ ಫಲವನ್ನು ನಾನು ಮೊದಲು ಕಂಡದ್ದು ಏಳು ಆಯತ್‌ಗಳ ಮೊದಲ ಸೂರಾ ಅಲ್-ಫಾತಿಹಾದಲ್ಲಿ. ದಾಸನು ಈ ಸೂರಾದ ಒಂದೊಂದು ಆಯತ್ ಓದಿದಾಗಲೂ ಅಲ್ಲಾಹನು ಅದಕ್ಕೆ ಉತ್ತರಿಸುತ್ತಾನೆ ಎಂಬ ಹದೀಸ್ (ಪ್ರವಾದಿಯವರ ನುಡಿಯ ವರದಿ) ಹದೀಸ್ ಸಂಗ್ರಹವಾದ ಸಹೀಹ್ ಮುಸ್ಲಿಮ್‌ನಲ್ಲಿದೆ. 'ಸರ್ವಲೋಕಗಳ ಪ್ರಭುವಾದ ಅಲ್ಲಾಹನಿಗೆ ಸ್ತುತಿ' ಎಂದೊಡನೆ 'ನನ್ನ ದಾಸನು ನನ್ನನ್ನು ಸ್ತುತಿಸಿದನು' ಎಂಬ ಉತ್ತರ ಬರುತ್ತದೆಂದು ತಿಳಿದ ಮೇಲೆ, ಉತ್ತರಕ್ಕೆ ಜಾಗವನ್ನೇ ಬಿಡದಂತೆ ಏಳನ್ನೂ ಒಂದೇ ಉಸಿರಿಗೆ ಓದಿ ಮುಗಿಸಲು ಮನಸ್ಸು ಹೇಗೆ ಒಪ್ಪೀತು? ಪೆನ್ನು ಪ್ರತಿ ಆಯತ್‌ನ ಕೊನೆಗೆ ತಾನಾಗಿ ನಿಲ್ಲುವುದರಿಂದ, ಆ ಮೌನದ ಅಭ್ಯಾಸ ನನಗೆ ಅದರಿಂದಲೇ ಆಯಿತು. ಈಗ ನಮಾಝಿನಲ್ಲಿ ಪೆನ್ನಿಲ್ಲದಾಗಲೂ ಆ ನಿಲುಗಡೆ ಉಳಿದಿದೆ.

ಧ್ವನಿಯ ಆಯ್ಕೆ ಗಮನದ ಮೇಲೆ ಬಹಳ ಪರಿಣಾಮ ಬೀರುತ್ತದೆ. ನನ್ನ ಪೆನ್ನಿನಲ್ಲಿ ಹಲವು ಖಾರಿಗಳ (ಕುರ್‌ಆನ್ ಓದುವುದರಲ್ಲಿ ಪಳಗಿದವರ) ಓದು ಇದೆ. ಮಕ್ಕಾದ ದೊಡ್ಡ ಮಸೀದಿ ಹರಮ್‌ನ ಇಮಾಮರಾದ ಅಬ್ದುರ್ರಹ್ಮಾನ್ ಅಸ್ಸುದೈಸ್ ಅವರ ಓದು ಕೇಳಲು ಹೃದ್ಯವಾಗಿದೆ, ಆದರೆ ಅದರ ವೇಗ ಕಲಿಯುವವರ ನಾಲಿಗೆಗೆ ಎಟುಕುವಂಥದಲ್ಲ. ಹೊಸಬರು ಈಜಿಪ್ಟಿನ ಮಹ್ಮೂದ್ ಖಲೀಲ್ ಅಲ್-ಹುಸರಿ (1917–1980) ಅವರನ್ನೇ ಆರಿಸಿಕೊಳ್ಳಬೇಕೆಂದು ನನ್ನ ಒತ್ತಾಯದ ಸಲಹೆ. ಅವರ ಓದಿನಲ್ಲಿ ಒಂದೊಂದು ಅಕ್ಷರವೂ ಪ್ರತ್ಯೇಕವಾಗಿ ಕೇಳಿಸುತ್ತದೆ, ಎಳೆಯಬೇಕಾದ ಸ್ವರಗಳ ಅಳತೆ ಎಣಿಸಬಹುದಾದಷ್ಟು ಸ್ಪಷ್ಟವಾಗಿದೆ. ಶಾಲೆಯಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು, ಪ್ಲುತಕ್ಕೆ ಮೂರು ಎಂದು ಕಲಿತ ನಮಗೆ ತಜ್ವೀದ್‌ನ (ಕುರ್‌ಆನ್ ಉಚ್ಚಾರ ನಿಯಮಗಳ) ಮದ್ದ್, ಅಂದರೆ ಸ್ವರದ ಎಳೆತ, ಅಪರಿಚಿತವಲ್ಲ. ಸಾಮಾನ್ಯ ದೀರ್ಘಕ್ಕೆ ಎರಡು ಎಣಿಕೆ, ಅಲ್-ಫಾತಿಹಾದ ಕೊನೆಯ ಪದದಲ್ಲಿರುವ ಆಕಾರಕ್ಕೆ ಆರು ಎಣಿಕೆ. ಹುಸರಿಯವರೊಂದಿಗೆ ಬೆರಳು ಮಡಚುತ್ತಾ ಆ ಆರನ್ನು ಎಣಿಸಿದ ದಿನ ನನಗಾದ ಸಂತೋಷವನ್ನು ಇಲ್ಲಿ ಮುಚ್ಚಿಡಲಾರೆ.

ಕೊರತೆಗಳೂ ಇವೆ, ಅವುಗಳಲ್ಲಿ ಒಂದು ಸಣ್ಣದಲ್ಲ. ಈ ಪ್ರತಿ 604 ಪುಟಗಳ ಮದೀನಾ ಮುದ್ರಣದ ಮಾದರಿಯಲ್ಲಿದೆ, ಪ್ರತಿ ಪುಟಕ್ಕೆ ಹದಿನೈದು ಸಾಲು, ಪ್ರತಿ ಪುಟವೂ ಆಯತ್‌ನ ಕೊನೆಗೇ ಮುಗಿಯುತ್ತದೆ. ಹಾಸನದಲ್ಲಿ ನಾನು ಕಲಿತ ಖಾಯಿದಾ ಮತ್ತು ಆಪಾ ಅವರ ಮನೆಯ ಪ್ರತಿ ಭಾರತ ಪಾಕಿಸ್ತಾನಗಳಲ್ಲಿ ರೂಢಿಯಲ್ಲಿರುವ ಬರಹದಲ್ಲಿವೆ. ಪಾಠ ಒಂದೇ, ಒಂದಕ್ಷರವೂ ವ್ಯತ್ಯಾಸವಿಲ್ಲದ ಓದು. ಆದರೆ ಚಿಹ್ನೆಗಳು ಬೇರೆ. ದೀರ್ಘವನ್ನು ಸೂಚಿಸುವ 'ಯಾ' ಮತ್ತು 'ವಾವ್' ಅಕ್ಷರಗಳ ಮೇಲೆ ನಮ್ಮ ಕಡೆಯ ಮುದ್ರಣದಲ್ಲಿ ಸುಕೂನ್ (ಸ್ವರವಿಲ್ಲವೆಂದು ತೋರಿಸುವ) ಗುರುತು ಇರುತ್ತದೆ, ಮದೀನಾ ಮುದ್ರಣದಲ್ಲಿ ಅವು ಬರಿದಾಗಿರುತ್ತವೆ. ಬಲ್ಲವರಿಗೆ ಇದು ಲೆಕ್ಕಕ್ಕೇ ಬಾರದ ಸಂಗತಿ. ಅಕ್ಷರ ಕೂಡಿಸಿ ಓದುವವರಿಗೆ ಮಾತ್ರ ಪ್ರತಿ ಸಾಲಿನಲ್ಲೂ ಎಡವುಗಲ್ಲು, ಮತ್ತು ಎಡವಿದ ಕಡೆಯಲ್ಲೆಲ್ಲ ಗಮನ ಅರ್ಥದಿಂದ ಜಾರಿ ಚಿಹ್ನೆಯ ಮೇಲೆ ಬೀಳುತ್ತದೆ. ನನಗೆ ಇದು ರೂಢಿಯಾಗಲು ಎರಡು ತಿಂಗಳು ಬೇಕಾಯಿತು. ಅಂಗಡಿಯವರು ಕೊಡುವಾಗಲೇ ಈ ವಿಷಯ ತಿಳಿಸಬೇಕಿತ್ತು.

ಪೆನ್ನಿನಲ್ಲಿರುವ ಅನುವಾದಗಳಲ್ಲಿ ಉರ್ದು, ಇಂಗ್ಲಿಷ್, ಮಲಯಾಳಂ, ತಮಿಳು ಇವೆ, ಕನ್ನಡವಿಲ್ಲ. ಮನೆಯಲ್ಲಿ ಕನ್ನಡ ಮಾತ್ರ ಆಡುವ ನನ್ನಂಥವರು ಮುದ್ರಿತ ಕನ್ನಡ ಅನುವಾದವನ್ನು ಬೇರೆಯಾಗಿ ಕೊಳ್ಳಲೇಬೇಕು. ಇದರಿಂದ ನಷ್ಟವಾಯಿತೆಂದು ಮೊದಮೊದಲು ಬೇಸರಪಟ್ಟೆ. ಈಗ ನೋಡಿದರೆ, ಅರ್ಥವನ್ನು ಕಣ್ಣಿನಿಂದ ನಿಧಾನವಾಗಿ ಓದಿದ್ದೇ ಮನಸ್ಸಿನಲ್ಲಿ ಉಳಿದಿದೆ. ಉಳಿದ ಲೋಪಗಳೆಂದರೆ, ಆನ್ ಮಾಡಿದಾಗ ಬರುವ ಸಂಗೀತ ಬೆಳಗಿನ ಜಾವಕ್ಕೆ ತೀರಾ ಜೋರು, ನುಣುಪು ಕಾಗದ ಟ್ಯೂಬ್‌ಲೈಟಿನ ಬೆಳಕಿಗೆ ಮಿನುಗುತ್ತದೆ, ಬ್ಯಾಟರಿ ನಾಲ್ಕು ಗಂಟೆಗಿಂತ ಹೆಚ್ಚು ಬರುವುದಿಲ್ಲ. ನನಗೆ ಮೊದಲು ಕೊಟ್ಟ ಪೆನ್ನು ಕುರ್‌ಆನಿನ ಮೂವತ್ತನೆಯ ಭಾಗವಾದ ಕೊನೆಯ ಜುಝ್‌ನ ಪುಟಗಳನ್ನು ಗುರುತಿಸುತ್ತಲೇ ಇರಲಿಲ್ಲ; ಬದಲಾಯಿಸಿಕೊಳ್ಳಲು ಆ ಅಂಗಡಿಗೆ ನಾಲ್ಕು ಸಲ ಅಲೆದೆ.

ಇನ್ನೊಂದು ಮಾತನ್ನು ಹೆಂಗಸರಿಗಾಗಿ ಹೇಳಬೇಕು. ಮುಸ್‌ಹಫನ್ನು (ಅರಬಿ ಕುರ್‌ಆನ್ ಗ್ರಂಥವನ್ನು) ಮುಟ್ಟಲು ವುಝೂ (ಅಂಗಶುದ್ಧಿ) ಇರಬೇಕೆಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ತಣ್ಣೀರಿನಲ್ಲಿ ಕೈಕಾಲು ಮುಖ ತೊಳೆದು ಬಂದು ಕೂರುವುದರಿಂದಲೇ ಅರ್ಧ ಗಮನ ಸಿದ್ಧವಾಗುತ್ತದೆ, ಫೋನ್ ಹಿಡಿದು ಓದುವಾಗ ನನಗೆ ಈ ಸಿದ್ಧತೆ ಇರುತ್ತಿರಲಿಲ್ಲ. ಆದರೆ ಮುಟ್ಟಿನ ದಿನಗಳಲ್ಲಿ ನಾನು ಅದನ್ನು ಮುಟ್ಟುವುದಿಲ್ಲ, ಪುಸ್ತಕವಿಲ್ಲದೆ ಪೆನ್ನು ಕೆಲಸಕ್ಕೆ ಬಾರದು. ಆ ದಿನಗಳಲ್ಲಿ ನಾನು ಕನ್ನಡ ಅನುವಾದವನ್ನು ಓದಿ, ಕೈಗೆ ಎಟುಕದಷ್ಟು ದೂರದಲ್ಲಿಟ್ಟ ಫೋನಿನಿಂದ ಓದನ್ನು ಕೇಳುತ್ತೇನೆ.

ಪೆನ್ನು ಮಾಡಲಾಗದ ಕೆಲಸ ಒಂದಿದೆ: ಅದು ನಮ್ಮ ಓದನ್ನು ಕೇಳಿಸಿಕೊಳ್ಳುವುದಿಲ್ಲ. ನನ್ನ 'ಐನ್' ಅಕ್ಷರ ಬರಿಯ ಅಕಾರವಾಗಿ ಉಳಿದಿದೆಯೆಂದು ಹೇಳಿದ್ದು ಆಪಾ, ಪೆನ್ನಲ್ಲ. ನಾಚಿಕೆಯಿಂದ ಕುಗ್ಗಿದ್ದ ನನಗೆ, ಕುರ್‌ಆನನ್ನು ತೊದಲುತ್ತಾ ಕಷ್ಟಪಟ್ಟು ಓದುವವರಿಗೆ ಎರಡು ಪ್ರತಿಫಲವಿದೆ ಎಂಬ, ಪ್ರವಾದಿಯವರ ಪತ್ನಿ ಆಯಿಷಾ ಅವರು ವರದಿ ಮಾಡಿದ ಹದೀಸನ್ನು ಹೇಳಿದವರೂ ಅವರೇ. ಆದ್ದರಿಂದ ಕಲಿಸುವವರು ಯಾರೂ ಸಿಗದ ಊರಿನಲ್ಲಿರುವವರು ಈ ಪೆನ್ನೊಂದನ್ನೇ ನೆಚ್ಚಬಾರದು. ವಾರಕ್ಕೊಮ್ಮೆಯಾದರೂ ಫೋನಿನಲ್ಲಿ ತಮ್ಮ ಓದನ್ನು ಒಪ್ಪಿಸಲು ಒಬ್ಬರನ್ನು ಹುಡುಕಿಕೊಳ್ಳಬೇಕು.

ಕಳೆದ ತಿಂಗಳು 93ನೆಯ ಸೂರಾ ಅದ್ದುಹಾವನ್ನು ತೆಗೆದುಕೊಂಡಿದ್ದೆ. ಹನ್ನೊಂದೇ ಆಯತ್‌ಗಳು, ವಾರದಲ್ಲಿ ಮುಗಿಯಬಹುದೆಂದು ಎಣಿಸಿದ್ದೆ. ನಿನ್ನ ಪ್ರಭು ನಿನ್ನನ್ನು ತೊರೆದಿಲ್ಲ, ನಿನ್ನ ಮೇಲೆ ಮುನಿದಿಲ್ಲ ಎಂದು ಪ್ರವಾದಿಯವರನ್ನು (ಸ) ಸಂತೈಸುವ ಸೂರಾ ಅದು. ಏಳನೆಯ ಆಯತ್, ದಾರಿ ಅರಿಯದಿದ್ದ ನಿನ್ನನ್ನು ಕಂಡು ಅವನು ದಾರಿ ತೋರಲಿಲ್ಲವೇ ಎಂಬ ಅರ್ಥದ್ದು. ಅದನ್ನು ಮೂರು ಸಲ ಕೇಳಿ, ಪೆನ್ನು ಕೆಳಗಿಟ್ಟು ಓದಲು ತೊಡಗಿದಾಗ ಮುಂದೆ ಹೋಗಲು ಆಗಲಿಲ್ಲ. ನಾಲ್ಕು ಬೆಳಿಗ್ಗೆ ಆ ಒಂದೇ ಆಯತ್‌ನಲ್ಲಿ ಕಳೆದೆ. ಆ ನಾಲ್ಕು ದಿನ ಮನಸ್ಸನ್ನು ಹಿಡಿದು ನಿಲ್ಲಿಸುವ ಶ್ರಮವೇ ಬೇಕಾಗಲಿಲ್ಲ.

ಇಷ್ಟು ಪ್ರಯೋಜನಕ್ಕೆ 3,400 ರೂಪಾಯಿ ಹೆಚ್ಚಲ್ಲವೆಂದು ನನ್ನ ತೀರ್ಮಾನ. ಕೊಳ್ಳುವವರು ಹಣ ಕೊಡುವ ಮುನ್ನ ಪೆಟ್ಟಿಗೆಯನ್ನು ಅಂಗಡಿಯಲ್ಲೇ ತೆರೆಸಿ, ಮೊದಲ ಪುಟ, ನಡುವಿನ ಹತ್ತಿಪ್ಪತ್ತು ಪುಟ ಮತ್ತು ಕೊನೆಯ ಜುಝ್‌ನ ಚಿಕ್ಕ ಸೂರಾಗಳ ಮೇಲೆ ಪೆನ್ನನ್ನು ಮುಟ್ಟಿಸಿ ನೋಡಲಿ. ಹುಸರಿಯವರ ಓದು ಅದರಲ್ಲಿ ಇದೆಯೇ ಎಂದು ಕೇಳಲಿ. ಮತ್ತು ತಾವು ಕಲಿಯುತ್ತಿರುವ ಖಾಯಿದಾವನ್ನು ಜೊತೆಗೊಯ್ದು, ಎರಡರ ಬರಹ ಒಂದೇ ಬಗೆಯದೇ ಎಂದು ಪಕ್ಕದಲ್ಲಿಟ್ಟು ಹೋಲಿಸಿ ನೋಡಲಿ.